ಅಧ್ಯಕ್ಷರಿಗೆ ಬಂದ ಜ್ವರ



ಯಾವುದೇ ರೋಗದ ಮಾತು ಬಂದರೂ "ಅವನಿಗೂ ಬಂದಿತ್ತು, ನಾಲ್ಕು ದಿನದಲ್ಲಿ ಎದ್ದು ತೋಟಕ್ಕೆ ಹೋದ" ಎನ್ನುವವರೊಬ್ಬರು ನಮ್ಮ ನಡುವೆ ಇದ್ದೇ ಇರುತ್ತಾರೆ. ಗುಣವಾದವನನ್ನು ತೋರಿಸಿ ರೋಗವನ್ನು ಅಳೆಯುವ ಈ ರೂಢಿ ಎಷ್ಟು ಅಪಾಯದ್ದು ಎಂಬುದನ್ನು 2020ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಂಗತಿಯಿಂದ ತಿಳಿದುಕೊಳ್ಳಬಹುದು.

ಆಗ ಅಲ್ಲಿನ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ಕೊರೋನಾ ರೋಗವನ್ನು ಮೊದಲಿನಿಂದಲೂ ಹಗುರ ಮಾಡಿ ಮಾತನಾಡಿದವರು. ಒಂದು ದಿನ ಇದು ಪವಾಡದಂತೆ ಮಾಯವಾಗುತ್ತದೆ ಎಂದು ಫೆಬ್ರವರಿಯಲ್ಲಿ ಹೇಳಿದ್ದರು. ಆದರೆ ಅದೇ ತಿಂಗಳ 7ರಂದು ಪತ್ರಕರ್ತ ಬಾಬ್ ವುಡ್‌ವರ್ಡ್ ಅವರೊಡನೆ ಫೋನಿನಲ್ಲಿ ಮಾತನಾಡುವಾಗ, ಇದು ಗಾಳಿಯಿಂದ ಹರಡುತ್ತದೆ, ಕಠಿಣವಾದ ಫ್ಲೂ ಜ್ವರಕ್ಕಿಂತಲೂ ಮಾರಕ ಎಂದು ಒಪ್ಪಿಕೊಂಡಿದ್ದರು. ಜನ ಗಾಬರಿಯಾಗಬಾರದೆಂದು ಬೇಕೆಂದೇ ಕಡಿಮೆ ಮಾಡಿ ತೋರಿಸುತ್ತಿದ್ದೇನೆ ಎಂದು ಮಾರ್ಚಿನಲ್ಲಿ ಹೇಳಿದ್ದೂ ಧ್ವನಿಮುದ್ರಣದಲ್ಲಿದೆ. ಸೆಪ್ಟೆಂಬರ್ 29ರ ಚುನಾವಣಾ ಚರ್ಚೆಯಲ್ಲಿ ಎದುರಾಳಿ ಬೈಡನ್ ಮಾಸ್ಕ್ ಧರಿಸುವುದನ್ನು ಗೇಲಿ ಮಾಡಿದರು. ಅಕ್ಟೋಬರ್ 2ರಂದು ನಸುಕು ಹರಿಯುವ ಮೊದಲೇ, ತನಗೂ ಪತ್ನಿಗೂ ಸೋಂಕು ತಗಲಿದೆ ಎಂದು ಅವರೇ ಪ್ರಕಟಿಸಬೇಕಾಯಿತು. ಆ ಹೊತ್ತಿಗೆ ಆ ದೇಶದಲ್ಲಿ ಸತ್ತವರ ಸಂಖ್ಯೆ ಎರಡು ಲಕ್ಷ ದಾಟಿತ್ತು.

ಅದೇ ಸಂಜೆ ಹೆಲಿಕಾಪ್ಟರಿನಲ್ಲಿ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಗೆ ಹೋದವರು ಮೂರು ರಾತ್ರಿ ಅಲ್ಲಿದ್ದು 5ರಂದು ಮನೆಗೆ ಮರಳಿದರು. ಮಹಡಿಯ ಮೇಲೆ ನಿಂತು ಮಾಸ್ಕ್ ತೆಗೆದರು. ಈ ರೋಗಕ್ಕೆ ಹೆದರಬೇಡಿ ಎಂದು ಜನರಿಗೆ ಸಂದೇಶವನ್ನೂ ಕೊಟ್ಟರು. ನೋಡಿದವರಿಗೆ ಅನಿಸಿದ್ದೇನು? 74 ವರ್ಷದ ಮುದುಕರೇ ಎದ್ದು ಬಂದರಲ್ಲ, ನಮಗೇನು!

ಆ ನಾಲ್ಕು ದಿನಗಳಲ್ಲಿ ಅವರ ಮೈಗೆ ಹೋದ ಔಷಧಿಗಳು ಯಾವುವು ಎಂದು ನೋಡಿದರೆ ವಿಷಯ ಬೇರೆಯಾಗುತ್ತದೆ. ಆಸ್ಪತ್ರೆಗೆ ಹೋಗುವ ಮೊದಲೇ ಆಮ್ಲಜನಕ ಕೊಡಬೇಕಾಗಿ ಬಂದಿತ್ತು. ರೋಗಾಣುವನ್ನು ಹಿಡಿದು ಕಟ್ಟಿಹಾಕುವ ಎರಡು ಪ್ರತಿಕಾಯಗಳ ಮಿಶ್ರಣವನ್ನು 8 ಗ್ರಾಂ ಪ್ರಮಾಣದಲ್ಲಿ ರಕ್ತನಾಳದ ಮೂಲಕ ಕೊಟ್ಟರು. ಆಗ ಅದು ಇನ್ನೂ ಪ್ರಯೋಗದಲ್ಲಿದ್ದ ಔಷಧಿ. ಸಾರ್ವಜನಿಕರಿಗೆ ತುರ್ತು ಬಳಕೆಯ ಅನುಮತಿ ಸಿಕ್ಕಿದ್ದು ನವೆಂಬರ್ 21ರಂದು. ಇದರ ಜೊತೆಗೆ ರೆಮ್ಡೆಸಿವಿರ್, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಹಗಲಿರುಳು ವೈದ್ಯರ ತಂಡ. ಅವರ ಸ್ಥಿತಿ ಹೊರಗೆ ಹೇಳಿದ್ದಕ್ಕಿಂತ ಗಂಭೀರವಾಗಿತ್ತೆಂದು 2021ರ ಫೆಬ್ರವರಿಯಲ್ಲಿ ಪತ್ರಿಕೆಗಳು ವರದಿ ಮಾಡಿದವು. ಅದೇ ಮಿಶ್ರಣ 2021ರ ಮೇ ತಿಂಗಳಲ್ಲಿ ನಮ್ಮ ದೇಶಕ್ಕೆ ಬಂದಾಗ ಒಬ್ಬ ರೋಗಿಗೆ 1.2 ಗ್ರಾಂ; ಬೆಲೆ 59,750 ರೂಪಾಯಿ. ಎಷ್ಟು ಕ್ವಿಂಟಲ್ ಅಡಿಕೆ ಮಾರಬೇಕೆಂದು ನೀವೇ ಲೆಕ್ಕ ಹಾಕಿ. (ರೋಗಾಣು ರೂಪ ಬದಲಿಸಿದ ಮೇಲೆ, ಒಮಿಕ್ರಾನ್ ಕಾಲಕ್ಕೆ ಆ ಔಷಧಿಯೂ ನಾಟದಂತಾಯಿತು.)

ಈ ರೋಗದಲ್ಲಿ ಯಾವ ಔಷಧಿ ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ. ಅಡಿಕೆಗೆ ಮದ್ದು ಬಿಡುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೋರ್ಡೋ ದ್ರಾವಣ ಮಳೆ ಹಿಡಿಯುವ ಮೊದಲೇ ಗೊನೆಗೆ ತಾಗಿರಬೇಕು. ಕೊಳೆರೋಗ ಹತ್ತಿ ಕಾಯಿ ಉದುರತೊಡಗಿದ ಮೇಲೆ ಬಿಟ್ಟರೆ ಅಷ್ಟು ಫಲವಿಲ್ಲ. ಕೊರೋನಾದಲ್ಲಿಯೂ ಮೊದಲ ವಾರ ರೋಗಾಣು ವೃದ್ಧಿಯಾಗುವ ಕಾಲ. ಪ್ರತಿಕಾಯದಂಥ ಔಷಧಿ ಕೆಲಸ ಮಾಡುವುದು ಆಗ. ಉಲ್ಬಣಿಸುವವರಲ್ಲಿ ಸುಮಾರು ಎರಡನೆಯ ವಾರದಲ್ಲಿ ಮೈಯ ರಕ್ಷಣಾಶಕ್ತಿಯೇ ಮಿತಿಮೀರಿ ಶ್ವಾಸಕೋಶವನ್ನು ಕೆಡಿಸುತ್ತದೆ. ಆಗ ಬೇಕಾದದ್ದು ಸ್ಟೀರಾಯ್ಡ್. ಬ್ರಿಟನ್ನಿನ ರಿಕವರಿ ಪ್ರಯೋಗದ ಪ್ರಕಾರ (ಜೂನ್ 2020) ಅಗ್ಗದ ಡೆಕ್ಸಾಮೆಥಾಸೋನ್ ಕೃತಕ ಉಸಿರಾಟದಲ್ಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿತು. ಆಮ್ಲಜನಕ ಬೇಡವಾದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ನಮ್ಮಲ್ಲಿ 2021ರಲ್ಲಿ ಬೇಕಾದವರೂ ಬೇಡವಾದವರೂ ಸ್ಟೀರಾಯ್ಡ್ ನುಂಗಿದರು. ಸಕ್ಕರೆ ಕಾಯಿಲೆಯೂ ಸೇರಿಕೊಂಡು ಕಪ್ಪು ಶಿಲೀಂಧ್ರ ಎಷ್ಟು ಜನರ ಕಣ್ಣು, ದವಡೆ ತೆಗೆಸಿತು ಎಂಬುದು ಇನ್ನೂ ಮರೆತಿಲ್ಲ.

ಅಧ್ಯಕ್ಷರಿಗೆ ಸೋಂಕು ಎಲ್ಲಿ ತಗಲಿತೆಂದು ಖಚಿತವಿಲ್ಲ. ಆದರೆ ಸೆಪ್ಟೆಂಬರ್ 26ರಂದು ಅವರ ನಿವಾಸದ ಗುಲಾಬಿ ತೋಟದಲ್ಲಿ ಒಂದು ಸಮಾರಂಭ ನಡೆದಿತ್ತು. ಹೆಚ್ಚಿನವರಿಗೆ ಮಾಸ್ಕ್ ಇರಲಿಲ್ಲ. ಕೈಕುಲುಕಿದ್ದು, ಅಪ್ಪಿಕೊಂಡದ್ದು ಎಲ್ಲ ನಡೆಯಿತು. ಅಲ್ಲಿದ್ದ ಹಲವರಿಗೆ ಬಳಿಕ ಸೋಂಕು ಕಂಡುಬಂತು. ಅವರಲ್ಲಿ ಒಬ್ಬರು ನಮ್ಮವರೇ ಆದ ವಂದನೀಯ ಫಾದರ್ ಜಾನ್ ಜೆಂಕಿನ್ಸ್, ಹೋಲಿ ಕ್ರಾಸ್ ಸಭೆಯ ಗುರುಗಳು, ಆಗ ನೋಟರ್ ಡೇಮ್ ವಿಶ್ವವಿದ್ಯಾಲಯದ ಅಧ್ಯಕ್ಷರು. ವಿದ್ಯಾರ್ಥಿಗಳಿಗೆ ಮಾಸ್ಕ್ ಕಡ್ಡಾಯ ಮಾಡಿದ್ದವರೂ ಅವರೇ! ಒಳಗೆ ಹೋಗುವಾಗ ಮಾಡಿದ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದದ್ದರಿಂದ ಮಾಸ್ಕ್ ತೆಗೆಯಬಹುದೆಂದು ಹೇಳಿದ್ದರಂತೆ. ಆದರೆ ಸೋಂಕು ತಗಲಿದ ಆರಂಭದ ದಿನಗಳಲ್ಲಿ ಪರೀಕ್ಷೆ ಸುಳ್ಳಾಗಬಹುದು. ಭಾವಚಿತ್ರಗಳು ಹೊರಬಿದ್ದು ವಿದ್ಯಾರ್ಥಿಗಳು ಸಿಟ್ಟಾದಾಗ, ತನಗೆ ರೋಗ ಬಂದಿದೆಯೆಂದು ತಿಳಿಯುವ ಮೊದಲೇ, 28ರಂದು, ಅವರು ತಪ್ಪೊಪ್ಪಿಕೊಂಡು ಎಲ್ಲರಿಗೂ ಪತ್ರ ಬರೆದರು. ಅದೇ ಸಮಾರಂಭಕ್ಕೆ ಹೋಗಿದ್ದ ನ್ಯೂಜೆರ್ಸಿಯ ಮಾಜಿ ಗವರ್ನರ್ ಕ್ರಿಸ್ ಕ್ರಿಸ್ಟಿ ಒಂದು ವಾರ ತೀವ್ರ ನಿಗಾ ಘಟಕದಲ್ಲಿದ್ದು ಹೊರಬಂದ ಮೇಲೆ, ಮಾಸ್ಕ್ ಹಾಕದೆ ಹೋದದ್ದು ತಪ್ಪಾಯಿತು ಎಂದು ಬಹಿರಂಗವಾಗಿ ಹೇಳಿದರು. ಅಧ್ಯಕ್ಷರ ಬಾಯಿಯಿಂದ ಬಂದದ್ದು ಹೆದರಬೇಡಿ ಎಂಬ ಮಾತು. ತಾನು ಸಹಿಸಿದ್ದೆಷ್ಟು, ತನಗೆ ಸಿಕ್ಕಿದ್ದೆಷ್ಟು ಎಂಬುದನ್ನು ಅವರು ಬಿಡಿಸಿ ಹೇಳಿದ್ದರೆ ಜನರಿಗೆ ಉಪಕಾರವಾಗುತ್ತಿತ್ತು.

ಲಸಿಕೆ ಪಡೆದವರಲ್ಲಿ ಈಗ ಈ ರೋಗ ಸಾಮಾನ್ಯವಾಗಿ ಅಷ್ಟು ಉಗ್ರವಾಗುವುದಿಲ್ಲ. ಆದರೂ ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಉಬ್ಬಸದವರು ಇದ್ದರೆ ಜ್ವರ ಬಂದ ಐದಾರು ದಿನಗಳ ಮೇಲೂ ಅವರ ಮೇಲೆ ಕಣ್ಣಿಡಿ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಆಕ್ಸಿಮೀಟರ್ ಇದ್ದರೆ ಐದು ನಿಮಿಷ ಸುಮ್ಮನೆ ಕೂರಿಸಿದ ಮೇಲೆ ನೋಡಬೇಕು. ಮಳೆಯಲ್ಲಿ ನೆನೆದು ತಣ್ಣಗಾದ ಕೈಯಲ್ಲಿ, ಬಣ್ಣ ಹಚ್ಚಿದ ಉಗುರಿನಲ್ಲಿ ಅಂಕೆ ತಪ್ಪು ತೋರಿಸುತ್ತದೆ. ಕೈ ಒರೆಸಿ, ಬೆಚ್ಚಗೆ ಮಾಡಿ ಮತ್ತೊಮ್ಮೆ ನೋಡಿ. 94ಕ್ಕಿಂತ ಕೆಳಗೆ ಇಳಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.