ಪುಟ್ಟ ಸೋಲಾರ್‌ಗೆ ಆಷಾಢದ ಪರೀಕ್ಷೆ

ಛಾವಣಿಯ ಮೇಲೆ 3 ಕಿಲೊವಾಟ್‌ನ ಸೋಲಾರ್ ಹಾಕಿಸಿಕೊಂಡ ಮನೆಯಲ್ಲೂ ಲೈನಿನ ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ. ಅದೂ ನಡುಹಗಲಲ್ಲಿ, ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿರುವಾಗಲೇ. ಮೊದಲ ಸಲ ಇದನ್ನು ಕಂಡವರಿಗೆ ಯಂತ್ರ ಕೆಟ್ಟಿತೇನೋ ಅನ್ನಿಸುವುದು ಸಹಜ. ಕೆಟ್ಟಿರುವುದಿಲ್ಲ. ಬ್ಯಾಟರಿ ಇಲ್ಲದೆ ನೇರವಾಗಿ ಗ್ರಿಡ್‌ಗೆ ಜೋಡಿಸುವ ಇನ್ವರ್ಟರನ್ನು ಮಾಡಿರುವುದೇ ಹಾಗೆ. ಲೈನು ಸತ್ತೊಡನೆ ಅದೂ ನಿಲ್ಲಬೇಕು. ನಿಲ್ಲದಿದ್ದರೆ, ಹರಿದ ತಂತಿ ಕಟ್ಟಲು ಕಂಬ ಹತ್ತಿದ ಲೈನ್‌ಮನ್‌ಗೆ ಆ ಮನೆಯ ಸೋಲಾರ್ ಕರೆಂಟೇ ಹೊಡೆಯಬಹುದು.

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೊವಾಟ್‌ನ ಘಟಕಕ್ಕೆ 78,000 ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ತಿಂಗಳ ಬಿಲ್ಲು ಇಳಿಸಲು ಅದು ಒಳ್ಳೆಯ ದಾರಿ. ಆದರೆ ಜುಲೈನ ಗಾಳಿಗೆ ಅಡಿಕೆ ಮರ ಮುರಿದು ಲೈನಿನ ಮೇಲೆ ಬಿದ್ದು, ಮೂರು ದಿನ ಕರೆಂಟಿಲ್ಲದ ತೀರ್ಥಹಳ್ಳಿ ಕಡೆಯ ಒಂಟಿ ಮನೆಗೆ ಬೇಕಿರುವುದು ಬಿಲ್ಲಿನ ಉಳಿತಾಯವಲ್ಲ. ಅಡುಗೆಮನೆಗೊಂದು ದೀಪ, ಮೊಬೈಲಿಗಿಷ್ಟು ಚಾರ್ಜು, ಸಾಧ್ಯವಾದರೆ ವೈಫೈ ರೂಟರ್. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಕಚೇರಿ ಕೆಲಸ ಮಾಡುವವರ ಪಟ್ಟಿಯೂ ಹೆಚ್ಚುಕಡಿಮೆ ಇಷ್ಟೇ. ಇಷ್ಟಕ್ಕೆ 50, 100 ಅಥವಾ 200 ವಾಟ್‌ನ ಪುಟ್ಟ ಪ್ಯಾನೆಲ್, ಬ್ಯಾಟರಿಗೆ ಹೋಗುವ ಕರೆಂಟನ್ನು ಹದ್ದಿನಲ್ಲಿಡುವ ಒಂದು ಚಾರ್ಜ್ ಕಂಟ್ರೋಲರ್, ಒಂದು ಬ್ಯಾಟರಿ ಸಾಕೇ? ಸಾಕು, ಆದರೆ ಅಳೆದು ನೋಡಿದವರಿಗೆ ಮಾತ್ರ.

ಪುಟ್ಟ ಪ್ಯಾನೆಲಿಗೆ ದೊಡ್ಡ ಚರಿತ್ರೆಯೇ ಇದೆ. 1954ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಸ್ಥೆ ಸಿಲಿಕಾನ್ ಸೌರಕೋಶವನ್ನು ಲೋಕಕ್ಕೆ ತೋರಿಸಿದಾಗ ಅದು ತಿರುಗಿಸಿದ್ದು ಒಂದು ಆಟಿಕೆಯ ಜಾತ್ರೆ ತೊಟ್ಟಿಲನ್ನು. ಬಿದ್ದ ಬಿಸಿಲಿನಲ್ಲಿ ಶೇ 6ರಷ್ಟು ಮಾತ್ರ ಆಗ ವಿದ್ಯುತ್ತಾಗುತ್ತಿತ್ತು. ಕರ್ನಾಟಕದಲ್ಲಿ ಹರೀಶ್ ಹಂದೆ 1995ರಲ್ಲಿ ಕಟ್ಟಿದ ಸೆಲ್ಕೊ ಸಂಸ್ಥೆ, ಲೈನೇ ಮುಟ್ಟದ ಹಳ್ಳಿಮನೆಗಳಿಗೆ ಸಣ್ಣ ಫಲಕಗಳಿಂದ ಬೆಳಕು ಕೊಟ್ಟಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಯಾವ ಮನೆಗೆ ಎಷ್ಟು ದೀಪ, ಯಾವ ಮೂಲೆಯಲ್ಲಿ, ಎಷ್ಟು ಹೊತ್ತು ಎಂದು ಕೇಳಿಕೊಂಡು ಅದಕ್ಕೆ ತಕ್ಕ ಫಲಕ ಕೂರಿಸುವುದು ಅವರ ಕ್ರಮವಾಗಿತ್ತು. ಇಂದು ಆನ್‌ಲೈನ್‌ನಲ್ಲಿ ಪ್ಯಾನೆಲ್ ತರಿಸಿಕೊಳ್ಳುವವರು ಬಿಟ್ಟುಬಿಡುವುದು ಈ ಲೆಕ್ಕವನ್ನೇ.

ಪರೀಕ್ಷೆ ಶುರುವಾಗಬೇಕಾದ್ದು ಮೀಟರಿನಿಂದಲ್ಲ, ಅಳತೆ ಟೇಪಿನಿಂದ. ಸ್ವಚ್ಛ ಆಕಾಶದ ಮಧ್ಯಾಹ್ನ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲು ಸುಮಾರು 1,000 ವಾಟ್. ಇಂದಿನ ಒಳ್ಳೆಯ ಪ್ಯಾನೆಲ್ ಅದರಲ್ಲಿ ಶೇ 20ರಿಂದ 22ರಷ್ಟನ್ನು ವಿದ್ಯುತ್ತಾಗಿಸುತ್ತದೆ. ಅಂದರೆ 100 ವಾಟ್ ಬೇಕಾದರೆ ಹತ್ತಿರಹತ್ತಿರ ಅರ್ಧ ಚದರ ಮೀಟರ್, ಅಂದಾಜು ಐದು ಚದರ ಅಡಿ ಜಾಗ ಬೇಕೇಬೇಕು. ಒಂದಡಿ ಉದ್ದ, ಒಂದಡಿ ಅಗಲದ ಹಲಗೆಯ ಮೇಲೆ 60 ವಾಟ್ ಎಂದು ಬರೆದಿದ್ದರೆ ಅದು ಸುಳ್ಳು. ಅಷ್ಟು ಜಾಗದಲ್ಲಿ 20 ವಾಟ್ ದಾಟುವುದು ಕಷ್ಟ. ಬೆನ್ನಿಗೆ ಸೋಲಾರ್ ಅಂಟಿಸಿಕೊಂಡ ಪವರ್‌ಬ್ಯಾಂಕ್‌ಗಳನ್ನೂ ಹೀಗೇ ಅಳೆಯಬಹುದು. 15 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಆ ತುಣುಕಿಗೆ ಹೆಚ್ಚೆಂದರೆ 2 ವಾಟ್ ಬರುತ್ತದೆ. 20,000 ಎಂಎಎಚ್‌ನ ಪವರ್‌ಬ್ಯಾಂಕ್ ಹಿಡಿಯುವುದು 74 ವಾಟ್‌ಅವರ್. ಯಾವ ನಷ್ಟವೂ ಇಲ್ಲವೆಂದುಕೊಂಡರೂ ಅದು ತುಂಬಲು 37 ಗಂಟೆಗಳ ಉರಿಬಿಸಿಲು ಬೇಕು. ವಾರ ಕಳೆದರೂ ತುಂಬದು.

ಅಂಗಡಿಗಳಲ್ಲಿ ಸಾಮಾನ್ಯವಾಗಿ ತೋರಿಸುವ ಪರೀಕ್ಷೆ ಇನ್ನೊಂದು. ಪ್ಯಾನೆಲನ್ನು ಬಾಗಿಲಾಚೆ ಹಿಡಿದು, ಎರಡು ತಂತಿಗೆ ಮಲ್ಟಿಮೀಟರ್ ಮುಟ್ಟಿಸಿ, 21 ವೋಲ್ಟ್ ಬಂತು ನೋಡಿ ಎನ್ನುತ್ತಾರೆ. 12 ವೋಲ್ಟ್ ಬ್ಯಾಟರಿಗೆಂದು ಮಾಡಿದ 36 ಕೋಶಗಳ ಪ್ಯಾನೆಲಿಗೆ ಅದು ಸರಿಯಾದ ಅಂಕಿಯೇ. ಆದರೆ ಮೋಡ ಮುಸುಕಿದಾಗಲೂ, ಮರದ ನೆರಳಲ್ಲೂ ವೋಲ್ಟೇಜು ಅಷ್ಟಾಗಿ ಇಳಿಯುವುದಿಲ್ಲ. ತಂತಿ ಕಡಿದಿಲ್ಲ, ಕೋಶಗಳು ಜೋಡಣೆಯಲ್ಲಿವೆ ಎಂಬುದಷ್ಟೇ ಇದರಿಂದ ಖಾತರಿ. ಬೆಳಕಿನ ಜೊತೆ ಏರಿಳಿಯುವುದು ಆಂಪ್ಸ್. ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪ್ಸ್‌ನ ತೂತಿಗೆ ಹಾಕಿ, ಒಂದೇ ಒಂದು ಸಣ್ಣ ಪ್ಯಾನೆಲಿನ ಎರಡು ತುದಿಗಳನ್ನು ಮೀಟರಿನ ಮೂಲಕ ಕೂಡಿಸಿ ನೋಡಬಹುದು. 100 ವಾಟ್‌ನ ಪ್ಯಾನೆಲ್ ನೇರ ಬಿಸಿಲಿಗೆ ಮುಖ ಮಾಡಿದ್ದರೆ 6 ಆಂಪ್ಸ್‌ನ ಆಸುಪಾಸು ತೋರಬೇಕು. ತಂತಿ ಮುಟ್ಟಿಸುವ ಮುನ್ನ ಪ್ಯಾನೆಲಿನ ಮೇಲೆ ದಪ್ಪ ಬಟ್ಟೆ ಹೊದಿಸುವುದು ಮುಖ್ಯ, ಬಿಡಿಸುವಾಗಲೂ ಅಷ್ಟೇ. ಡಿಸಿ ಕರೆಂಟಿನ ಕಿಡಿ ಸುಲಭಕ್ಕೆ ಆರುವಂಥದ್ದಲ್ಲ. ಹಲವು ದೊಡ್ಡ ಪ್ಯಾನೆಲುಗಳನ್ನು ಜೋಡಿಸಿದ ಸಾಲಿನ ಮೇಲೆ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬಾರದು.

6 ಆಂಪ್ಸ್ ಬಂದರೂ ಬ್ಯಾಟರಿಗೆ 100 ವಾಟ್ ಸೇರುತ್ತದೆಯೇ? ಇಲ್ಲ. ಚೀಟಿಯ ಮೇಲಿನ 100 ವಾಟ್ ಎಂಬುದು ಕೋಶದ ಬಿಸಿ 25 ಡಿಗ್ರಿ ಸೆಲ್ಸಿಯಸ್ ಇರುವಾಗ ಪ್ರಯೋಗಾಲಯದಲ್ಲಿ ಅಳೆದದ್ದು. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ತಾರಸಿಯ ಪ್ಯಾನೆಲ್ 65 ಡಿಗ್ರಿಗೆ ಕಾದಿರುತ್ತದೆ. ಏರಿದ ಪ್ರತಿ ಡಿಗ್ರಿಗೆ ಶೇ 0.4ರಂತೆ ಇಳಿಸಿದರೆ 16 ವಾಟ್ ಅಲ್ಲೇ ಹೋಯಿತು. ಪ್ಯಾನೆಲಿಗೆ ಬೇಕಿರುವುದು ಬೆಳಕು, ಸೆಕೆಯಲ್ಲ. ತಾರಸಿಗೆ ಅಂಟಿಸದೆ ನಾಲ್ಕಾರು ಇಂಚು ಎತ್ತರಿಸಿ ಅಡಿಯಲ್ಲಿ ಗಾಳಿಯಾಡಲು ಬಿಟ್ಟರೆ ಈ ನಷ್ಟ ಒಂದಿಷ್ಟು ತಗ್ಗುತ್ತದೆ.

ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಮತ್ತಷ್ಟು ತಿನ್ನುತ್ತದೆ. ಪ್ಯಾನೆಲ್ ತನ್ನ ಪೂರ್ತಿ ಶಕ್ತಿ ಕೊಡುವುದು 18 ವೋಲ್ಟ್‌ನ ಹತ್ತಿರ. ಈ ಕಂಟ್ರೋಲರ್ ಅದನ್ನು ಬ್ಯಾಟರಿಯ 13 ವೋಲ್ಟ್‌ಗೆ ಎಳೆದುಬಿಡುತ್ತದೆ. ಐದೂವರೆ ಆಂಪ್ಸ್‌ಗೆ 13 ವೋಲ್ಟ್ ಗುಣಿಸಿದರೆ 71 ವಾಟ್ ಚಿಲ್ಲರೆ. ಎಂಪಿಪಿಟಿ ಕಂಟ್ರೋಲರ್ ಹೆಚ್ಚುವರಿ ವೋಲ್ಟೇಜನ್ನು ಆಂಪ್ಸ್ ಆಗಿ ಬದಲಿಸುವುದರಿಂದ ನಷ್ಟ ಕಡಿಮೆ, ಬೆಲೆ ಜಾಸ್ತಿ. 50 ವಾಟ್‌ನ ಪ್ಯಾನೆಲಿಗೆ ಆ ಖರ್ಚು ದಂಡ. ಆದರೆ ಈಗ ಸುಲಭವಾಗಿ ಸಿಗುವ 300 ವಾಟ್‌ಗಿಂತ ದೊಡ್ಡ ಪ್ಯಾನೆಲುಗಳು 30–40 ವೋಲ್ಟ್‌ನವು; ಅವನ್ನು 12 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯುಎಂ ಮೂಲಕ ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ವ್ಯರ್ಥ. ತಂತಿಯಲ್ಲೂ ಸೋರಿಕೆಯಿದೆ. ತಾರಸಿಯಿಂದ ಬ್ಯಾಟರಿವರೆಗೆ 10 ಮೀಟರ್ ದೂರವಿದ್ದು ಒಂದೂವರೆ ಚದರ ಮಿ.ಮೀ.ನ ತಂತಿ ಎಳೆದರೆ ಸುಮಾರು 7 ವಾಟ್ ತಂತಿಯನ್ನು ಬಿಸಿ ಮಾಡುವುದಕ್ಕೇ ಖರ್ಚಾಗುತ್ತದೆ. 4 ಚದರ ಮಿ.ಮೀ.ನದಾದರೆ ಎರಡೂವರೆ ವಾಟ್.

ನೆರಳಿನ ವಿಷಯ ಇನ್ನೂ ಕಠಿಣ. ಪ್ಯಾನೆಲಿನ 36 ಕೋಶಗಳೂ ಒಂದರ ಹಿಂದೊಂದು ಸಾಲಾಗಿ ಕೂಡಿರುತ್ತವೆ. ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸುವಾಗ ನಡುವಿನ ಒಬ್ಬ ನಿಧಾನಿಸಿದರೆ ಇಡೀ ಸಾಲು ಅವನ ವೇಗಕ್ಕೇ ಇಳಿಯುವಂತೆ, ಒಂದು ಕೋಶಕ್ಕೆ ನೆರಳಾದರೂ ಎಲ್ಲದರ ಕರೆಂಟು ಇಳಿಯುತ್ತದೆ. ಇದನ್ನು ತಪ್ಪಿಸಲು ಬೆನ್ನಿನ ಡಬ್ಬಿಯಲ್ಲಿ ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ಆದರೆ ಸಣ್ಣ ಪ್ಯಾನೆಲಿನಲ್ಲಿ ಅವು ಒಂದೋ ಎರಡೋ ಇರುವುದರಿಂದ ಅರ್ಧ ಪ್ಯಾನೆಲೇ ಆಟದಿಂದ ಹೊರಗುಳಿಯುತ್ತದೆ. ಉಳಿದರ್ಧದ ವೋಲ್ಟೇಜು ಬ್ಯಾಟರಿ ತುಂಬಲು ಸಾಲದು. ತೆಂಗಿನ ಒಂದು ಗರಿಯ ನೆರಳು, ಟ್ಯಾಂಕಿನ ಪೈಪಿನ ನೆರಳು, ಒಂದು ಕೋಶ ಮುಚ್ಚುವಷ್ಟು ಹಕ್ಕಿಯ ಹಿಕ್ಕೆ ಸಾಕು. ಜಾಗ ಆರಿಸುವ ಮುನ್ನ ಬೆಳಿಗ್ಗೆ ಒಂಬತ್ತು, ನಡುಹಗಲು, ಸಂಜೆ ನಾಲ್ಕು ಹೀಗೆ ಮೂರು ಹೊತ್ತಿನಲ್ಲೂ ತಾರಸಿಗೆ ಹೋಗಿ ನೆರಳು ಎಲ್ಲಿ ಹರಿದಾಡುತ್ತದೆಂದು ನೋಡಿಕೊಳ್ಳುವುದಕ್ಕೆ ಕಾಸಿನ ಖರ್ಚಿಲ್ಲ.

ಪ್ಯಾನೆಲನ್ನು ದಕ್ಷಿಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶದಷ್ಟು ಓರೆಯಾಗಿಸಬೇಕು ಎಂಬುದು ಎಲ್ಲರೂ ಹೇಳುವ ಮಾತು. ಇಡೀ ವರ್ಷದ ಲೆಕ್ಕಕ್ಕೆ ಅದು ಸರಿ. ಆದರೆ ಮಳೆಗಾಲದ ಆಸರೆಗೆಂದೇ ಪ್ಯಾನೆಲ್ ಹಾಕುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬೆಂಗಳೂರಿನಲ್ಲಿ ನಡುಹಗಲಿಗೆ ಸೂರ್ಯ ನೇರ ನೆತ್ತಿಯ ಮೇಲಿರುವ ಶೂನ್ಯ ನೆರಳಿನ ದಿನ ಬರುವುದು ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯ ದಾಟಿದ ಮೇಲೊಮ್ಮೆ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ನಡುಹಗಲಿನ ಸೂರ್ಯ ಇರುವುದು ನೆತ್ತಿಯಿಂದ ಉತ್ತರಕ್ಕೆ. ಕರೆಂಟು ಹೆಚ್ಚು ಕೈಕೊಡುವ ಜೂನ್, ಜುಲೈ ಅದರೊಳಗೇ ಬರುತ್ತವೆ. ಮೋಡದ ದಿನ ಬೆಳಕು ಒಂದು ದಿಕ್ಕಿನಿಂದ ಬರದೆ ಆಕಾಶದ ಎಲ್ಲ ಕಡೆಯಿಂದ ಚದುರಿ ಬರುತ್ತದೆ. ಹಾಗಾಗಿ ದಕ್ಷಿಣಕ್ಕೆ ಕಡಿದಾಗಿ ಓರೆಯಿಟ್ಟ ಪ್ಯಾನೆಲಿಗಿಂತ ಹೆಚ್ಚುಕಡಿಮೆ ಮಲಗಿಸಿಟ್ಟದ್ದೇ ಆ ಕಾಲಕ್ಕೆ ಮೇಲು. ಮಳೆನೀರು ಜಾರಿ ಹಾವಸೆ ಕಟ್ಟದಿರಲು 10 ಡಿಗ್ರಿಯ ಓರೆ ಇದ್ದರೆ ಸಾಕು.

ಮಳೆಗಾಲದಲ್ಲಿ ಎಷ್ಟು ಬರುತ್ತದೆ ಎಂಬುದೇ ನಿಜವಾದ ಪ್ರಶ್ನೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಕಟ್ಟಲು ಮಳೆ ಕಡಿಮೆಯ ಬಯಲುಸೀಮೆಯ ನಿಚ್ಚಳ ಆಕಾಶವೂ ಕಾರಣ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಗೆ ಅಲ್ಲಿಯ ಲೆಕ್ಕ ಹೊಂದದು. ಬಯಲುಸೀಮೆಯ ಒಳ್ಳೆಯ ದಿನ ಸುಮಾರು 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಗುತ್ತದೆ. ಎಲ್ಲ ನಷ್ಟ ಕಳೆದು 100 ವಾಟ್‌ನ ಪ್ಯಾನೆಲ್ ಬ್ಯಾಟರಿಗೆ 350 ವಾಟ್‌ಅವರ್‌ನಷ್ಟು ಕೊಡಬಲ್ಲದು. ದಟ್ಟ ಮೋಡದಡಿ ಅದೇ ಪ್ಯಾನೆಲ್ ತನ್ನ ಶಕ್ತಿಯ ಹತ್ತನೇ ಒಂದರಿಂದ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಡೀ ದಿನ ಸೇರಿ 60–80 ವಾಟ್‌ಅವರ್ ಆದರೆ ಅದೇ ದೊಡ್ಡದು.

ಕ್ಷಣದ ಓದು ಎರಡೂ ಕಡೆ ದಾರಿ ತಪ್ಪಿಸುತ್ತದೆ. ಮಳೆ ನಿಂತು ಮೋಡ ಸರಿದ ಗಳಿಗೆಯಲ್ಲಿ ತಣ್ಣಗಿರುವ ಕೋಶಗಳ ಮೇಲೆ ಬಿಸಿಲು ಬಿದ್ದರೆ ಏಪ್ರಿಲ್ ಮಧ್ಯಾಹ್ನವನ್ನೂ ಮೀರಿದ ವಾಟ್ ಕಾಣಿಸುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಮೋಡ. ಆದ್ದರಿಂದ ಕಂಟ್ರೋಲರ್ ಮತ್ತು ಬ್ಯಾಟರಿಯ ನಡುವೆ ಕೆಲವು ನೂರು ರೂಪಾಯಿಗೆ ಸಿಗುವ ಡಿಸಿ ವಾಟ್‌ಮೀಟರ್ ಕೂರಿಸಿ, ಪ್ರತಿ ಸಂಜೆ ಆ ದಿನದ ಒಟ್ಟು ವಾಟ್‌ಅವರ್ ಬರೆದಿಡುವುದೇ ನಂಬಬಹುದಾದ ಪರೀಕ್ಷೆ. ಅದೂ ಬೇಸಿಗೆಯಲ್ಲಿ ಒಂದು ವಾರ, ಆಷಾಢದಲ್ಲಿ ಒಂದು ವಾರ.

ಖರ್ಚಿನ ಕಡೆಯ ಲೆಕ್ಕ ಇಷ್ಟು ತೊಡಕಿನದಲ್ಲ. 9 ವಾಟ್‌ನ ಎರಡು ಎಲ್‌ಇಡಿ ದೀಪ ನಾಲ್ಕು ಗಂಟೆ ಉರಿದರೆ 72 ವಾಟ್‌ಅವರ್. 10 ವಾಟ್‌ನ ರೂಟರ್ ಆರು ಗಂಟೆಗೆ 60. ಎರಡು ಫೋನಿಗೆ 30. ಒಟ್ಟು 162. ಹಳೆಯ ಮಾದರಿಯ ಫ್ಯಾನು ಗಂಟೆಗೆ 75 ನುಂಗುತ್ತದೆ, ಬಿಎಲ್‌ಡಿಸಿ ಫ್ಯಾನು 30ರಷ್ಟು. ಮಿಕ್ಸಿ, ಫ್ರಿಜ್, ನೀರೆತ್ತುವ ಪಂಪು ಈ ಆಟಕ್ಕೆ ಸೇರಿದವಲ್ಲ. ಒಂದು ಎಚ್‌ಪಿ ಎಂದರೇ 746 ವಾಟ್, ಚಾಲೂ ಆಗುವಾಗ ಅದರ ಹಲವು ಪಟ್ಟು. ಲೆಕ್ಕಕ್ಕೆ ಸಿಗದೆ ತಿನ್ನುವುದು ಇನ್ವರ್ಟರ್. ಏನೂ ಉರಿಯದಿದ್ದರೂ ಚಾಲೂ ಇರುವುದಕ್ಕೇ ಅದು 10–20 ವಾಟ್ ಬಳಸುತ್ತದೆ, ಹತ್ತು ಗಂಟೆಗಾಗುವಾಗ ಮೇಲಿನ ಇಡೀ ಪಟ್ಟಿಯಷ್ಟೇ ವಿದ್ಯುತ್ತು ಹೋಗಿರುತ್ತದೆ. ಅದಕ್ಕೇ ಸಣ್ಣ ವ್ಯವಸ್ಥೆಯಲ್ಲಿ ದೀಪ, ರೂಟರುಗಳನ್ನು ನೇರ 12 ವೋಲ್ಟ್ ಡಿಸಿಯಲ್ಲೇ ನಡೆಸುವುದು ಜಾಣತನ. ಚಾರ್ಜಾಗುವಾಗ ಬ್ಯಾಟರಿ 14 ವೋಲ್ಟ್ ದಾಟುವುದರಿಂದ ರೂಟರಿಗೆ ಮಾತ್ರ ನಡುವೆ ಒಂದು 12 ವೋಲ್ಟ್‌ನ ಸ್ಥಿರ ಕನ್ವರ್ಟರ್ ಬೇಕು.

12 ವೋಲ್ಟ್, 40 ಆಂಪ್‌ಅವರ್‌ನ ಸೀಸದ ಬ್ಯಾಟರಿಯಲ್ಲಿ 480 ವಾಟ್‌ಅವರ್ ಇದ್ದರೂ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರವರೆಗೆ ಬಳಸಬಹುದು. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಡಿಸುವಾಗ ಮೊದಲು ಪ್ಯಾನೆಲ್. ಬ್ಯಾಟರಿಯ ಪಾಸಿಟಿವ್ ತುದಿಯ ಹತ್ತಿರವೇ ಫ್ಯೂಸ್ ಇರಬೇಕು, ಸೀಸದ ಬ್ಯಾಟರಿ ಗಾಳಿಯಾಡುವ ಜಾಗದಲ್ಲಿರಬೇಕು. ಚಾರ್ಜಾಗುವಾಗ ಅದರಿಂದ ಹೈಡ್ರೋಜನ್ ಹೊಮ್ಮುತ್ತದೆ. ಈ ಎರಡರಲ್ಲಿ ರಾಜಿ ಬೇಡ.

ಇಷ್ಟು ಅಳೆದ ಮೇಲೆ ಮಳೆಸೀಮೆಯ ಮನೆಗಳಿಗೆ ಹೇಳಬೇಕಾದ್ದು ಒಂದಿದೆ. ಮೋಡದ ದಿನ ಕರೆಂಟು ಸಾಲದಿದ್ದಾಗ ಹೆಚ್ಚಿನವರು ಕೊಳ್ಳುವುದು ಇನ್ನೊಂದು ಬ್ಯಾಟರಿ. ತುಂಬಿಸಲು ಬೆಳಕೇ ಇಲ್ಲದಾಗ ದೊಡ್ಡ ಬ್ಯಾಟರಿಯೂ ಖಾಲಿಯೇ ಇರುತ್ತದೆ. ಸದಾ ಅರೆಹೊಟ್ಟೆಯಲ್ಲಿರುವ ಸೀಸದ ಬ್ಯಾಟರಿ ಬೇಗ ಹಾಳಾಗುತ್ತದೆ ಕೂಡ. ಅದೇ ದುಡ್ಡಿಗೆ ಪ್ಯಾನೆಲ್ ಎರಡಾಗಲಿ, ಮೂರಾಗಲಿ, ಕಂಟ್ರೋಲರ್ ತಾಳುವಷ್ಟು ಹೆಚ್ಚಲಿ. ಲೈನು ಬಂದ ಅಷ್ಟು ಹೊತ್ತಿನಲ್ಲಿ ಬ್ಯಾಟರಿ ತುಂಬಿಕೊಳ್ಳಲು ಸಾಮಾನ್ಯ ಚಾರ್ಜರ್ ಒಂದು ಜೊತೆಗಿರಲಿ. ಖರೀದಿಗೆ ಮುನ್ನ ಅಂಗಡಿಯವರನ್ನು ಕೇಳಬೇಕಾದ್ದು ವಾಟ್ ಎಷ್ಟೆಂದಲ್ಲ, ಜುಲೈನ ಒಂದು ದಿನಕ್ಕೆ ಎಷ್ಟು ವಾಟ್‌ಅವರ್ ಎಂದು.