ಕುದುರೆಯ ಮೈಯಿಂದ ಯೋಧನ ಎದೆಗೆ ಏರಿದ ಬಿಲ್ಲೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರೋಮನ್ ಕುದುರೆಯೊಂದರ ಒಡವೆಗಳಿವೆ. ಜರ್ಮನಿಯ ಕ್ಸಾಂಟನ್‌ನಲ್ಲಿ ಸಿಕ್ಕ, ಬೆಳ್ಳಿಯ ಲೇಪವಿರುವ ಕಂಚಿನ ದುಂಡು ಬಿಲ್ಲೆಗಳು, ತೂಗುಪದಕಗಳು. ಅದರಲ್ಲೊಂದು ಬಿಲ್ಲೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕುಟ್ಟಿದ ಅಕ್ಷರಗಳು ಅಶ್ವದಳದ ಅಧಿಪತಿ ಪ್ಲಿನಿಯ ಹೆಸರು ಹೇಳುತ್ತವೆ. 'ನಿಸರ್ಗ ಚರಿತ್ರೆ' ಬರೆದ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಪ್ರಾಣಬಿಟ್ಟ ಹಿರಿಯ ಪ್ಲಿನಿಯೇ ಇವನೆಂದು ವಿದ್ವಾಂಸರು ಗುರುತಿಸುತ್ತಾರೆ. ಗ್ರಂಥಗಳ ಮೂಲಕವಷ್ಟೇ ಪರಿಚಿತನಾದ ಮನುಷ್ಯ ಇಲ್ಲಿ ರೈನ್ ಗಡಿಯಲ್ಲಿ ಸವಾರರನ್ನು ನಡೆಸುವ ತರುಣನಾಗಿ ಎದುರಾಗುತ್ತಾನೆ. ಅವನ ಮೊದಲ ಕೃತಿಯೂ ಕುದುರೆಯ ಮೇಲಿಂದ ಈಟಿ ಎಸೆಯುವ ವಿದ್ಯೆಯನ್ನು ಕುರಿತದ್ದು, ಅದೀಗ ಉಳಿದಿಲ್ಲ.

ಈ ಬಿಲ್ಲೆಗೆ ಫಲೆರಾ ಎಂದು ಹೆಸರು. ಶೋಭೆಗಷ್ಟೇ ಅಲ್ಲ, ಅದಕ್ಕೆ ಕೆಲಸವೂ ಇತ್ತು. ಕುದುರೆಯ ಎದೆ, ಭುಜ, ಹಿಂಭಾಗಗಳಲ್ಲಿ ಚರ್ಮದ ಪಟ್ಟಿಗಳು ಒಂದನ್ನೊಂದು ಸಂಧಿಸುವ ಕಡೆ ಬಿಲ್ಲೆ ಕೂರುತ್ತಿತ್ತು. ಅದರ ಬೆನ್ನಿನ ಉಂಗುರ ಅಥವಾ ಕೊಂಡಿಗಳು ಪಟ್ಟಿಗಳನ್ನು ಹಿಡಿದಿಡುತ್ತಿದ್ದವು, ಮುಂಭಾಗ ಬಿಸಿಲಿಗೆ ಹೊಳೆಯುತ್ತಿತ್ತು.

ರೋಮನ್ನರಿಗಷ್ಟೇ ಸೇರಿದ ಕಲೆಯೂ ಅಲ್ಲ ಇದು. ಇಟಲಿಯ ಬ್ರೆಷಾ ಬಳಿಯ ಮನೇರ್ಬಿಯೋದಲ್ಲಿ ಸಿಕ್ಕ ಕೆಲ್ಟರ ಬೆಳ್ಳಿ ಬಿಲ್ಲೆಗಳ ಅಂಚಿನುದ್ದಕ್ಕೂ ಮನುಷ್ಯರ ತಲೆಗಳು ಸಾಲುಗಟ್ಟಿವೆ. ಭಾರತೀಯ ಓದುಗರ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಸಂಗ್ರಹಾಲಯದ ಜೋಡಿ ಬಿಲ್ಲೆಗಳ ಮೇಲೆ. ಕ್ರಿ.ಪೂ. 3 ಅಥವಾ 2ನೇ ಶತಮಾನದ, ಗ್ರೀಕೋ-ಬ್ಯಾಕ್ಟ್ರಿಯದ ಕೆಲಸವೆನ್ನಲಾಗುವ ಈ ಬೆಳ್ಳಿಯ ಬಿಲ್ಲೆಗಳಲ್ಲಿ ಯುದ್ಧದ ಆನೆ ಹೆಜ್ಜೆ ಹಾಕುತ್ತಿದೆ. ಕುತ್ತಿಗೆಯ ಮೇಲೆ ಮಾವುತ, ಬೆನ್ನಿನ ಮೇಲೆ ಕೋಟೆಗೋಪುರದಂಥ ಅಂಬಾರಿ, ಅದರೊಳಗೆ ಯೋಧರು. ಕುದುರೆಗೆ ತೊಡಿಸಲು ಆನೆಯ ಚಿತ್ರ! ಅದನ್ನು ಕೆತ್ತಿದವನು ಆನೆಯನ್ನು ಹತ್ತಿರದಿಂದ ಕಂಡಿದ್ದನೆಂದೇ ತೋರುತ್ತದೆ.

ರೋಮನ್ನರು ಈ ಒಡವೆಯನ್ನು ಬಹುಮಾನವಾಗಿಸಿದರು. ಕ್ರಿ.ಪೂ. 2ನೇ ಶತಮಾನದ ಇತಿಹಾಸಕಾರ ಪೊಲಿಬಿಯಸ್ ಪ್ರಕಾರ, ಶತ್ರುವನ್ನು ಕೊಂದು ಅವನ ಆಯುಧ ಕಸಿದ ಕಾಲಾಳಿಗೆ ಬಟ್ಟಲು, ಸವಾರನಿಗೆ ಕುದುರೆಯ ಅಲಂಕಾರ. ಆದರೆ ಕದನದ ಸಾಲಿನಲ್ಲಿ ನಿಂತು ಕೊಂದರೆ ಸಾಲದು. ಅನಿವಾರ್ಯವಿಲ್ಲದ ಕಡೆ ತಾನಾಗಿಯೇ ಮುನ್ನುಗ್ಗಿರಬೇಕು. ಕಾಲಕ್ರಮೇಣ ಬಿಲ್ಲೆ ಕುದುರೆಯಿಂದ ಯೋಧನ ಎದೆಗೂ ಬಂತು. ಕವಚದ ಮೇಲೆ ಚರ್ಮದ ಪಟ್ಟಿಗಳ ಜಾಲ ತೊಟ್ಟು, ಅದರ ಮೇಲೆ ಬಿಲ್ಲೆಗಳನ್ನು ಕೂರಿಸುತ್ತಿದ್ದರು. ರೋಮನ್ ಸೇನೆಯ ದೊಡ್ಡ ದಳವಾದ ಹದಿನಾಲ್ಕನೇ ಲೀಜನ್‌ನ ಗರುಡಧ್ವಜ ಹೊರುತ್ತಿದ್ದ, 32ನೇ ವಯಸ್ಸಿಗೆ ಸತ್ತ ಗ್ನೇಯಸ್ ಮೂಸಿಯಸ್‌ನ ಸಮಾಧಿಕಲ್ಲು ಜರ್ಮನಿಯ ಮೈನ್ಸ್‌ನಲ್ಲಿದೆ. ಅವನ ಎದೆಯ ಮೇಲೆ ಒಂಬತ್ತು ಬಿಲ್ಲೆಗಳಿವೆ.

ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಮಾರ್ಕಸ್ ಕೇಲಿಯಸ್‌ನ ಕಲ್ಲು ಇನ್ನೂ ಮನಸ್ಸಿಗೆ ನಾಟುತ್ತದೆ. ಕ್ರಿ.ಶ. 9ರಲ್ಲಿ ಸೇನಾಪತಿ ವಾರಸ್‌ನ ಮೂರು ಲೀಜನ್‌ಗಳು ಜರ್ಮನಿಯ ಕಾಡಿನಲ್ಲಿ ನಾಶವಾದಾಗ ಈ ಸೆಂಚುರಿಯನ್ (ತುಕಡಿಯ ನಾಯಕ) ಕೂಡ ಮಡಿದ. ಪುತ್ಥಳಿಯಲ್ಲಿ ಅವನ ತಲೆಗೆ ಓಕ್ ಎಲೆಗಳ ಕಿರೀಟ, ಕೈಗೆ ಕಡಗ, ಎದೆಗೆ ಬಿಲ್ಲೆಗಳು, ಎಲ್ಲವನ್ನೂ ಶಿಲ್ಪಿ ಒಂದೊಂದಾಗಿ ಕಂಡರಿಸಿದ್ದಾನೆ. ಆದರೆ ದೇಹ ಸಿಕ್ಕಿರಲಿಲ್ಲ. ಎಲುಬುಗಳು ಮುಂದೆ ದೊರೆತರೆ ಇಲ್ಲಿ ಇಡಬಹುದೆಂದು ಕಲ್ಲು ನಿಲ್ಲಿಸಿದ ಸೋದರ ಪಬ್ಲಿಯಸ್ ಬರೆಸಿದ್ದಾನೆ.

ಕಲ್ಲಿನಲ್ಲಿ ಕಾಣುವಂಥದ್ದೇ ಬಿಲ್ಲೆಗಳು ಲೋಹದಲ್ಲೂ ಉಳಿದಿವೆ. 1858ರಲ್ಲಿ ಜರ್ಮನಿಯ ಮೋರ್ಸ್ ಪಟ್ಟಣದ ಬಳಿಯ ಲಾವರ್ಸ್‌ಫೋರ್ಟ್‌ನಲ್ಲಿ ಒಂಬತ್ತು ಬಿಲ್ಲೆಗಳ ಒಂದು ಗುಚ್ಛ ದೊರೆಯಿತು. ತೆಳು ಬೆಳ್ಳಿ ತಗಡನ್ನು ಹಿಂದಿನಿಂದ ತಟ್ಟಿ ಉಬ್ಬಿಸಿದ ಮುಖಗಳು ಎಷ್ಟು ಎತ್ತರಕ್ಕೆ ಎದ್ದಿವೆಯೆಂದರೆ ಬಿಲ್ಲೆಯಿಂದ ಹೊರಗೆ ಇಣುಕುವಂತಿವೆ. ಮೆಡೂಸಾ, ಕೊಂಬುಳ್ಳ ಜುಪಿಟರ್ ಆಮನ್, ಸಿಂಹ. ಮಾಲೀಕ ಟೈಟಸ್ ಫ್ಲೇವಿಯಸ್ ಫೆಸ್ಟಸ್‌ನ ಹೆಸರೂ ಇದೆ. ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳ ಮುಖ ಯೋಧನನ್ನು ಕೇಡಿನಿಂದ ಕಾಯುತ್ತದೆಂಬ ನಂಬಿಕೆಯಿತ್ತು. ಹಾಗಾಗಿ ಈ ಬಿಲ್ಲೆಗಳಲ್ಲಿ ಅವಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾಳೆ.

ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಗೆ ಹತ್ತಿರದ ವಿಂಡೊಲಾಂಡಾ ಕೋಟೆಯಲ್ಲಿ 2023ರಲ್ಲಿ ಉತ್ಖನನಕ್ಕೆ ಬಂದ ಸ್ವಯಂಸೇವಕರಿಗೆ ಸಿಕ್ಕಿದ್ದೂ ಮೆಡೂಸಾಳ ಬೆಳ್ಳಿ ಬಿಲ್ಲೆಯೇ. ಅದು ಬಿದ್ದಿದ್ದು ಸೈನಿಕರ ವಸತಿಯ ನೆಲದ ಮೇಲೆ.