ಜಾತ್ರೆಗೆ ಹೊರಟ ಕ್ಯಾಸಿಯೋ

ಮಾನವಿಯ ಜಗನ್ನಾಥದಾಸರೂ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರೂ ಹಾಡಿದ ನಾಡು ರಾಯಚೂರು. ಹರಿದಾಸರ ಸಂಚಾರಕ್ಕೆ ಹೆಗಲ ಮೇಲೊಂದು ತಂಬೂರಿಯಿದ್ದರೆ ಸಾಕಾಗಿತ್ತು. ಅನಂತರ ನಾಟಕ ಮಂಡಳಿಗಳ ಕಾಲ ಬಂದಿತು. ಪೇಟಿ ಮಾಸ್ತರರ ಹಾರ್ಮೋನಿಯಂ ಪರದೆಗಳೊಡನೆ ಬಂಡಿಯೇರಿತು. ಇಂದು ಅದರ ಪಕ್ಕದಲ್ಲಿ, ಎಷ್ಟೋ ಕಡೆ ಅದರ ಸ್ಥಾನದಲ್ಲಿಯೇ, ವಿದ್ಯುತ್ ಕೀಬೋರ್ಡು ಕುಳಿತಿದೆ. ಜಪಾನಿನ ಕ್ಯಾಸಿಯೋ ಕಂಪನಿಯು ತನ್ನ ಮೊದಲ ಕೀಬೋರ್ಡನ್ನು ಹೊರತಂದುದು 1980ರಲ್ಲಿ. ಉತ್ತರ ಕರ್ನಾಟಕದ ರಂಗದ ಮೇಲಂತೂ ತಯಾರಿಸಿದವರು ಯಾರೇ ಇರಲಿ, ಆ ವಾದ್ಯದ ಹೆಸರು ಕ್ಯಾಸಿಯೋ!

ಪೇಟಿಗೂ ಇದಕ್ಕೂ ಒಂದು ದೊಡ್ಡ ಅಂತರವಿದೆ. ಪೇಟಿಯ ತಿದಿ ಹರಿದರೆ ಕಣ್ಣಿಗೆ ಕಾಣುತ್ತದೆ. ತೊಗಲಿನ ತುಂಡಿಗೆ ಸರೇಸು ಬಳಿದು ಅಂಟಿಸಿ ಆ ರಾತ್ರಿಯ ಆಟವನ್ನು ಹೇಗೋ ಸಾಗಿಸಬಹುದು. ಕ್ಯಾಸಿಯೋ ತನ್ನ ಗಾಯವನ್ನು ಒಡಲಲ್ಲಿ ಅಡಗಿಸಿಕೊಳ್ಳುತ್ತದೆ. ಪೆಟ್ಟು ಬೀಳುವುದು ದಾರಿಯಲ್ಲಿ. ಅದು ತಿಳಿಯುವುದು ಪರದೆ ಮೇಲೆದ್ದಾಗ.

ರಾಯಚೂರಿನಿಂದ ಮಾನವಿಯಾಗಲಿ ದೇವದುರ್ಗವಾಗಲಿ 50 ಕಿಲೋಮೀಟರಿನ ಆಸುಪಾಸು. ದೂರ ಅಲ್ಪವೆಂದು ವಾದ್ಯವನ್ನು ಟೆಂಪೋದಲ್ಲಿ ಧ್ವನಿವರ್ಧಕಗಳ ನಡುವೆ ತುರುಕುವುದು ಸಲ್ಲದು. 61 ಸ್ವರದ ಮನೆಗಳ ಕೀಬೋರ್ಡು ಸುಮಾರು 5 ಕಿಲೋ ತೂಗುತ್ತದೆ. ಈ ಹಗುರತನವೇ ಅದಕ್ಕೆ ಶತ್ರು. ಎಲ್ಲಿ ಬೇಕಾದರೂ ಎಸೆಯಬಹುದೆಂಬ ಭಾವನೆ ಹುಟ್ಟುತ್ತದೆ. ದಪ್ಪ ಸ್ಪಂಜಿನ ಚೀಲದಲ್ಲಿಟ್ಟು, ಸ್ವರದ ಮನೆಗಳು ಮೇಲ್ಮುಖವಾಗಿರುವಂತೆ ಮಲಗಿಸಿ, ಅದರ ಮೇಲೆ ಏನನ್ನೂ ಹೇರಬಾರದು. ನಿತ್ಯ ಸಂಚರಿಸುವವರಿಗೆ ಗಟ್ಟಿ ಪೆಟ್ಟಿಗೆಯೇ ಲೇಸು. ಹೊರಡುವ ಮುನ್ನ ಅಡಾಪ್ಟರಿನ ತಂತಿಯನ್ನು ಕಿತ್ತಿಡಬೇಕು. ಸಿಕ್ಕಿಸಿಯೇ ಬಿಟ್ಟ ತಂತಿಗೆ ಕುಲುಕಾಟದಲ್ಲಿ ಏಟು ಬಿದ್ದರೆ ಒಳಗಿನ ಬೆಸುಗೆಯೇ ಬಿರಿಯುತ್ತದೆ.

ಇನ್ನು ಧೂಳು. ಪ್ರತಿಯೊಂದು ಸ್ವರದ ಮನೆಯ ಕೆಳಗೂ ಪುಟ್ಟ ರಬ್ಬರಿನ ಗುಬುಟು ಇರುತ್ತದೆ. ಒತ್ತಿದಾಗ ಅದರೊಳಗಿನ ಇಂಗಾಲದ ಬಿಲ್ಲೆ ಫಲಕವನ್ನು ಮುಟ್ಟಿ ನಾದ ಹೊರಡುತ್ತದೆ. ನಡುವೆ ಧೂಳು ಸೇರಿದರೆ ಪಂಚಮ ಮೌನವಾದೀತು, ಗಾಂಧಾರ ತಡವರಿಸೀತು. ಬಿಸಿಲಿನ ಮಾತು ಕೇಳುವುದೇ ಬೇಡ! ಇಂಥ ವಾದ್ಯಗಳಿಗೆ ತಯಾರಕರು ಸಾಮಾನ್ಯವಾಗಿ ವಿಧಿಸುವ ಮೇರೆ 40 ಡಿಗ್ರಿ ಸೆಲ್ಸಿಯಸ್. ರಾಯಚೂರಿನ ಬೇಸಗೆ ನೆರಳಿನಲ್ಲಿಯೇ ಅದನ್ನು ದಾಟುತ್ತದೆ. ಬಿಸಿಲಿನಲ್ಲಿ ನಿಂತ ಮುಚ್ಚಿದ ವಾಹನದ ಒಳಗು ಒಲೆಯೇ ಸರಿ. ಊಟಕ್ಕೆಂದು ಇಳಿದಾಗ ವಾದ್ಯವೂ ನೆರಳಿಗೆ ಇಳಿಯಲಿ.

ಊರು ಮುಟ್ಟಿದೊಡನೆ ಅವಸರ ಬೇಡ. ವಾದ್ಯ ತುಸು ತಣಿಯಲಿ. ಜನರೇಟರಿನ ವಿದ್ಯುತ್ತು ಸ್ಥಿರವಾಗಿದೆಯೆಂದು ಖಚಿತಪಡಿಸಿಕೊಂಡು, ಧ್ವನಿಯನ್ನು ಪೂರ್ತಿ ತಗ್ಗಿಸಿ, ಅನಂತರವೇ ಜೋಡಿಸಬೇಕು. ಸಿದ್ಧಪಡಿಸಿದ ತಾಳ, ನಾದಗಳ ಪ್ರತಿಯೊಂದು ಪೆನ್‌ಡ್ರೈವಿನಲ್ಲಿರುವುದೂ ಕ್ಷೇಮ.

ಇದೆಲ್ಲ ಅತಿಯಾದ ನಾಜೂಕು ಎನಿಸಬಹುದು. ಆದರೆ ಜಾತ್ರೆಯ ಒಂದು ರಾತ್ರಿಯ ಸಂಭಾವನೆ ಅಂದಿಗೆ ಮುಗಿಯುತ್ತದೆ. ವಾದ್ಯವಾದರೋ ಎಷ್ಟೋ ರಾತ್ರಿಗಳ ದುಡಿಮೆ. ಅದು ಕೆಟ್ಟರೆ ಕಲಾವಿದನ ಮುಂದಿನ ಒಪ್ಪಂದಗಳೂ ಕೆಟ್ಟವೆಂದೇ ಲೆಕ್ಕ. ಹತ್ತು ರೂಪಾಯಿಯ ಹಗ್ಗ, ಒಂದು ಹಳೆಯ ಕೌದಿ, ಹತ್ತು ನಿಮಿಷದ ತಾಳ್ಮೆ ಇವಿಷ್ಟೂ ಮನೆಯಲ್ಲಿಯೇ ದೊರೆಯುವ ವಿಮೆ.